ಆರು ವರ್ಷದ ಕಾಲುದಾರಿ

“ಸಾಹೇಬರು ಮಧ್ಯಾಹ್ನ ಬರ್ತಾರೆ. ಜೊಂಡಿನೊಳಗೆ ನೀವು ಗಿಡ ಎಣಿಸೋ ಜಾಗ ನೋಡ್ಬೇಕಂತೆ” ಎಂದು ಫೋನು ಬಂದಾಗ ಗಿಡ ಗುಮಾಸ್ತ ಹಲ್ಲುಜ್ಜುತ್ತಿದ್ದ. ಅರ್ಧ ಪೇಸ್ಟು ಹೊಟ್ಟೆಗೆ ಹೋಯಿತು.

ಅವನ ಕೆಲಸ ಇಷ್ಟೇ. ವರ್ಷಕ್ಕೊಮ್ಮೆ ಆಳೆತ್ತರದ ಜೊಂಡು ಸೀಳಿಕೊಂಡು, ಹಿಂದೆ ಇದೇ ಕೆಲಸದಲ್ಲಿದ್ದ ಸಾಹೇಬರು ಜೌಗಿನ ನಡುವೆ ನೆಟ್ಟ ಕಂಬದವರೆಗೆ ಹೋಗಬೇಕು. ಅಲ್ಲಿ ಮರದ ಚೌಕಟ್ಟು ಇಟ್ಟು ಒಳಗಿನ ಗಿಡ ಎಣಿಸಬೇಕು. ಆದರೆ ಅವನಿಗೆ ಜಿಗಣೆ ಎಂದರೆ ಜೀವ ಹೋಗುತ್ತಿತ್ತು. ಆರು ವರ್ಷವೂ ದಡದಲ್ಲೇ ಕೂತು ಹಳೇ ಪಟ್ಟಿ ನಕಲು ಮಾಡಿದ್ದ: ಜೊಂಡು ಎಂಬತ್ತೆರಡು, ಬೇರೆ ಗಿಡ ಇಲ್ಲ, ತುಳಿದ ಗುರುತು ಇಲ್ಲ.

“ಜೌಗಿಗೆ ನಾನು ಮಾಡಿರೋ ಒಂದೇ ಉಪಕಾರ ಅಂದ್ರೆ ಒಳಗೆ ಕಾಲಿಡದೇ ಇದ್ದದ್ದು. ಈಗ ದಾರಿ ಎಲ್ಲಿ ಅಂದ್ರೆ ಏನು ಹೇಳ್ಲಿ? ಕೆಲಸ ಹೋಯ್ತು ಕಣೇ!”

“ಈಗ್ಲೇ ಆರು ಸಲ ಓಡಾಡ್ಬಿಡಿ, ವರ್ಷಕ್ಕೊಂದ್ಸಲ ಅಂತ” ಎಂದಳು ಹೆಂಡತಿ.

ಗೋಡೆಯಾಚೆ ಕಿವಿಗೊಟ್ಟಿದ್ದ ಪಕ್ಕದ ಮನೆಯ ದರ್ಜಿ ಕೊರಳಲ್ಲಿ ಟೇಪಿನ ಸಮೇತ ಓಡಿಬಂದ. “ಒಬ್ರು ನಡೆದ್ರೆ ದಾರಿ ಬೀಳಲ್ಲ ಗುಮಾಸ್ತ್ರೇ, ನಾನೂ ಬರ್ತೀನಿ.”

ಮೂವರೂ ಇಳಿದರು. ಎಷ್ಟು ಹುಡುಕಿದರೂ ಕಂಬ ಸಿಗಲಿಲ್ಲ. ಹೆಂಡತಿ ಬಟ್ಟೆ ಒಣಹಾಕುವ ಗಳುವನ್ನೇ ತಂದು ನೆಟ್ಟಳು. ನಾಲ್ಕನೇ ಸುತ್ತಿಗೆ ಗುಮಾಸ್ತ ಸೊಂಟದವರೆಗೆ ಹೂತುಹೋದ. ಒಂದು ಕೈ ಹೆಂಡತಿ, ಇನ್ನೊಂದು ಕೈ ದರ್ಜಿ ಹಿಡಿದು ಎಳೆದರು.

“ಜಿಗಣೆ! ಕಾಲಿಗೆ ಜಿಗಣೆ!”

“ಅದು ನನ್ನ ಟೇಪು, ಸುಮ್ನಿರಿ!” ಎಂದ ದರ್ಜಿ.

ಗುಮಾಸ್ತನನ್ನು ಕಿತ್ತು ತೆಗೆಯುವಷ್ಟರಲ್ಲಿ ಒಂದು ಮನೆ ಕಟ್ಟುವಷ್ಟು ಜೊಂಡು ನೆಲಕಚ್ಚಿತ್ತು.

ಸಾಹೇಬರು ಬಂದು ದಡದಲ್ಲೇ ನಿಂತರು. “ಅದು ನಾನು ನೆಟ್ಟ ಕಂಬಾನಾ?”

“ಹೌದು ಸಾರ್. ಆರು ವರ್ಷದಿಂದ ಅಲ್ಲೇ ಎಣಿಸ್ತಿದ್ದೀನಿ.”

ಸಾಹೇಬರು ದನಿ ತಗ್ಗಿಸಿದರು. “ನಾನು ಕಂಬ ನೆಟ್ಟೇ ಇಲ್ಲ ಕಣ್ರೀ. ನನಗೂ ಜಿಗಣೆ ಭಯ. ಆ ಎಂಬತ್ತೆರಡು ಈ ದಡದಲ್ಲೇ ಕೂತು ಬರೆದದ್ದು.”

ಗುಮಾಸ್ತನಿಗೆ ಹೋದ ಜೀವ ಬಂತು. “ಹಾಗಾದ್ರೆ ಕೆಲಸಕ್ಕೆ ತೊಂದ್ರೆ ಇಲ್ವಾ ಸಾರ್?”

“ತೊಂದ್ರೆ ಏನ್ರೀ, ಕೆಲಸ ಹೆಚ್ಚಾಯ್ತು! ಒಳಗೆ ದಾರೀನೇ ಇಲ್ಲ, ಎಣಿಕೆ ಬೇಡ ಅಂತ ಬರೆದು ನಿಮ್ಮನ್ನ ಆಫೀಸಲ್ಲೇ ಕೂರಿಸೋಣ ಅಂತ ಬಂದೆ. ನೀವು ರಸ್ತೆನೇ ಮಾಡಿಟ್ಟಿದ್ದೀರಿ. ತುಳಿದ ಜಾಗದಲ್ಲಿ ಆಪು, ಅಂತರಗಂಗೆ, ಇಲ್ಲದ ಕಳೆಯೆಲ್ಲ ಬರುತ್ತೆ. ಇನ್ಮೇಲೆ ವಾರವಾರ ಇಳಿದು ಎಣಿಸ್ಬೇಕು.”

ಗುಮಾಸ್ತ ತಲೆ ತಗ್ಗಿಸಿದ. ಮೀನಖಂಡದ ಮೇಲೆ ಕಪ್ಪಗೆ ಏನೋ ಅಂಟಿಕೊಂಡಿತ್ತು. ಆಸೆಯಿಂದ ದರ್ಜಿಯ ಕಡೆ ನೋಡಿದ.

ಟೇಪು ದರ್ಜಿಯ ಕೊರಳಲ್ಲೇ ಇತ್ತು.