ಜಾವಳಿ ದೊಡ್ಡಮ್ಮನ ಕಡುಬು

ಮೂಡಿಗೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜೀರ್ಣಾಂಗಗಳ ಪಾಠ ಮಾಡುತ್ತಿದ್ದೇನೆ. ಜಠರದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆದರೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಆ ಪಾಠ ಬರೆದ ಪುಣ್ಯಾತ್ಮರು ಯಾರೂ ನಮ್ಮ ಕಡೆ ಮಗಳ ಮದುವೆ ಕರೆಯಲು ಹೋದವರಲ್ಲ. ತಿಂದದ್ದು ಜಠರ ದಾಟಲು ಮೂರು ನಾಲ್ಕು ಗಂಟೆ ಬೇಕಂತೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಜೀಪಿನಲ್ಲಿ ಹತ್ತೇ ನಿಮಿಷ!

ವಾಟ್ಸಾಪಿನಲ್ಲಿ ಕರೆದರೆ ಕರೆದಂತಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಕೊಟ್ಟು, ಲಗ್ನಪತ್ರಿಕೆ ಕೈಗಿಡಬೇಕು. ಅವರು ಕೊಟ್ಟದ್ದು ತಿನ್ನಬೇಕು. ತಿನ್ನದಿದ್ದರೆ ಮದುವೆಗೆ ಬರುವುದಿಲ್ಲ, ಅಷ್ಟೇ. ಮೊದಲ ಮನೆಯಲ್ಲಿ ಅಕ್ಕಿ ರೊಟ್ಟಿ, ಎರಡನೆಯದರಲ್ಲೂ ಅಕ್ಕಿ ರೊಟ್ಟಿ, ಮೂರನೆಯದರಲ್ಲಿ ಕೇಸರಿಬಾತು, ಎಲ್ಲದರ ಮೇಲೂ ಲೋಟದ ತುಂಬ ಕಾಫಿ. ನಾಲ್ಕನೆಯದು ಜಾವಳಿಯ ದೊಡ್ಡಮ್ಮನ ಮನೆ. ತನಗೆ ಮೊದಲ ಅರಿಶಿನ ಅವರೇ ಹಚ್ಚಬೇಕೆಂದು ಮಗಳ ಹಠ. ದೊಡ್ಡಮ್ಮ ಮುನಿಸಿಕೊಂಡರೆ ನನ್ನ ಕಥೆ ಮುಗಿಯಿತು.

"ದೊಡ್ಡಮ್ಮ, ಹೊಟ್ಟೆ ಸರಿ ಇಲ್ಲ, ನೀರು ಸಾಕು" ಎಂದೆ, ಧೈರ್ಯ ಮಾಡಿ.

"ಕೆಳಗಿನ ಮನೆಯವರು ಫೋನ್ ಮಾಡಿದ್ರು, ಅಲ್ಲಿ ಮೂರು ರೊಟ್ಟಿ ತಿಂದ್ಯಂತೆ. ನಮ್ಮನೇದು ಮಾತ್ರ ಹೊಟ್ಟೆಗೆ ಆಗಲ್ವಾ ಮಾರಾಯ? ಕಡುಬು ಆವಿಲಿ ಬೆಂದಿದ್ದು, ತಿಂದದ್ದೇ ಗೊತ್ತಾಗಲ್ಲ."

ಗೊತ್ತಾಗದೆ ಏನು! ಮುಷ್ಟಿ ಗಾತ್ರದ ನಾಲ್ಕು ಕಡುಬು. ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಕಾಳುಸಾರು ಸುರಿದರು. ಪಕ್ಕದಲ್ಲಿ ನನ್ನ ಹೆಂಡತಿ ಶೈಲಜಾ "ಇವತ್ತು ಸಂಕಷ್ಟಿ, ನನಗೆ ಉಪವಾಸ" ಎನ್ನುತ್ತಾ ಆರಾಮಾಗಿ ಬಾಳೆಹಣ್ಣು ಸುಲಿಯುತ್ತಿದ್ದಳು. ಈ ಉಪಾಯವನ್ನು ಬೆಳಿಗ್ಗೆ ಹೊರಡುವಾಗಲೇ ನನಗೂ ಹೇಳಿಕೊಡಬಾರದಿತ್ತೇ? ಹೊಟ್ಟೆ ಉರಿಯಿತು, ಎರಡು ರೀತಿಯಲ್ಲೂ. ಕೊನೆಗೆ ಬಗ್ಗಿ ಕಾಲಿಗೆ ಬೀಳಲೂ ಆಗದೆ, ನಿಂತಲ್ಲೇ ಕೈಮುಗಿದು ಜೀಪು ಹತ್ತಿದೆ.

ಅರ್ಧ ದಾರಿಯಲ್ಲಿ ಶೈಲಜಾ ಕೇಳಿದಳು, "ರೀ, ಪತ್ರಿಕೆ ಕೊಟ್ರಲ್ವಾ?"

"ನೀನು ಕೊಡ್ಲಿಲ್ವಾ?"

ಪತ್ರಿಕೆ ಅವಳ ಬ್ಯಾಗಿನಲ್ಲೇ ಇತ್ತು. ಮನೆಗೆ ಬಂದು, ಹೊಟ್ಟೆ ತುಂಬ ತಿಂದು, ಕರೆಯದೆ ಎದ್ದು ಹೋದೆವೆಂದರೆ ದೊಡ್ಡಮ್ಮ ಈ ಜನ್ಮದಲ್ಲಿ ಕ್ಷಮಿಸುತ್ತಾರೆಯೇ? ಜೀಪು ತಿರುಗಿಸಿದೆ. ಅವರು ಬಾಗಿಲಲ್ಲೇ ನಿಂತಿದ್ದರು.

"ಅದೇ ನೋಡ್ತಿದ್ದೆ, ಇವ್ರು ತಿನ್ನೋಕೆ ಬಂದ್ರೋ ಕರೆಯೋಕೆ ಬಂದ್ರೋ ಅಂತ."

ಕುಂಕುಮ ಕೊಟ್ಟೆವು, ಪತ್ರಿಕೆ ಕೊಟ್ಟೆವು. ನಾನು ಹೊರಡಲು ತಿರುಗಿದೆ.

"ಎಲ್ಲಿಗೆ? ಕರೆಯೋಕೆ ಅಂತ ಬಂದಿದ್ದು ಈಗ. ಕರೆಯೋಕೆ ಬಂದವ್ರು ಬರೀ ಬಾಯಲ್ಲಿ ಹೋಗೋದುಂಟಾ? ಕೂತ್ಕೊ."

ಕೂತೆ. ದೊಡ್ಡಮ್ಮ ಮದುವೆಗೆ ಬರುವುದಂತೂ ಗ್ಯಾರಂಟಿಯಾಯಿತು. 'ಹಸಿವಿಲ್ಲದೆ ತಿನ್ನಬೇಡಿ' ಎಂದು ಮಕ್ಕಳಿಂದ ಹತ್ತು ಹತ್ತು ಸಲ ಬರೆಸಿದ ಮೇಷ್ಟ್ರಾದ ನಾನು, ಐದನೇ ಕಡುಬು ಮುರಿದೆ.