ಪರದೆ ಹಗ್ಗ ಹಿಡಿದವನು ಕಂಡದ್ದು

ಮಾತು ತಪ್ಪಿದರೆ ನಟನ ಹೆಸರು ಕೆಡುತ್ತದೆ, ಪರದೆ ತಪ್ಪಿದರೆ ನನ್ನದು. ವಿಜಯಪುರದಲ್ಲಿ ಹೊಟ್ಟೆಪಾಡಿಗೆ ಗುಮಾಸ್ತಿಕೆ, ಹುಚ್ಚಿಗೆ ನಾಟಕದ ಪರದೆ ಎಳೆಯುವ ಕೆಲಸ ಹಿಡಿದ ಮೇಲೆ ಇಂಥ ಎಡವಟ್ಟುಗಳು ನಿಂತೇ ಇಲ್ಲ. ನಮ್ಮ ಹೀರೋನದು ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜು. ಅವನಿಗೊಂದೇ ಆಸೆ, ಸಾರವಾಡದ ಊರಮನೆಯಲ್ಲಿರುವ ಅಪ್ಪ ಒಮ್ಮೆ ತನ್ನ ನಾಟಕ ನೋಡಬೇಕು. ಆ ಹಿರಿಯರದು ಒಂದೇ ಮಾತು: "ದುಡಿಯೂದು ಬಿಟ್ಟು ಕುಣಿತಾನ, ಅದನ್ನೇನ್ ನೋಡೂದು?"

೧. ಅರಮನೆ ಇಳಿಯಲಿಲ್ಲ

ತಿಕೋಟಾದಲ್ಲಿ ಅರಮನೆಯ ಚಿತ್ರವಿದ್ದ ಪರದೆ ಮೇಲೆಯೇ ಸುತ್ತಿಕೊಂಡಿತು. ಎಷ್ಟು ಜಗ್ಗಿದರೂ ಇಳಿಯಲೊಲ್ಲದು. ಮಹಾರಾಜನಾಗಿದ್ದ ನಮ್ಮ ಹೀರೋ ಕಾಡಿನ ಪರದೆಯ ಮುಂದೆಯೇ ಸಿಂಹಾಸನ ಏರಿದ. ಅವನ ಕಣ್ಣು ಜನರ ನಡುವೆ ಅಪ್ಪನನ್ನೇ ಹುಡುಕುತ್ತಿತ್ತು.

ಮುಂದೆ ಕೂತ ಅಜ್ಜಿ ಕೇಳಿದಳು: "ಯಪ್ಪಾ, ಕಾಡಿನ್ಯಾಗ ಯಾಕ ಕುಂತೀ?"

"ಅರಮನಿ ರಿಪೇರಿಗೆ ಬಿಟ್ಟೇನಿ ಬೇ. ನಾಳಿಗೆ ಕೊಡ್ತಾರಂತ!"

೨. ತಗಡಿನ ಗುಡುಗು

ರಂಗದ ಮೇಲೆ ಗುಡುಗು ಬೇಕಾದರೆ ಒಳಗೆ ನಾವೊಂದು ದೊಡ್ಡ ತಗಡು ಅಲುಗಾಡಿಸುತ್ತೇವೆ. ಭೂತನಾಳದಲ್ಲಿ ಆ ಕೆಲಸವನ್ನು ಅಲ್ಲಿಯ ರೈತನೊಬ್ಬನಿಗೆ ಒಪ್ಪಿಸಿದ್ದೆವು. ಮನಸ್ಸಿಟ್ಟು ಅಲುಗಾಡಿಸಿದ. ಕಡಲೆ ರಾಶಿ ಹೊಲದಲ್ಲೇ ಬಿಟ್ಟು ಬಂದಿದ್ದ ಜನ ತಾಡಪತ್ರಿ ಹೊದಿಸಲು ಎದ್ದು ಓಡಿದರು. ಇವನೂ ತಗಡು ಒಗೆದು ಹೊರಟ.

ನಾನು ಅವನ ತೋಳು ಹಿಡಿದೆ: "ಲೇ, ಗುಡುಗು ಮಾಡಿದಾಂವ ನೀನ ಅಲ್ಲೇನು?"

"ಖರೆ ಐತ್ರಿ. ಆದ್ರ ನನ್ನ ಕಡ್ಲಿನೂ ಬಯಲಾಗ ಐತಲ್ರಿ!"

ಖಾಲಿ ಬಯಲು ನೋಡಿ ಹೀರೋ ಮೆಲ್ಲಗೆ ಅಂದ, "ಅಪ್ಪ ಇವತ್ತ ಬರದಿದ್ದದ್ದ ಚಲೋ ಆತು." ನನಗೆ ನಗು ಬರಲಿಲ್ಲ.

೩. ಆಯೇರಿ

ಒಂದು ದೃಶ್ಯ ಮುಗಿದು ಪರದೆ ಬಿದ್ದ ಮೇಲೆ ನಟನ ಮಂದಿ ರಂಗ ಹತ್ತಿ ಅವನಿಗೆ ರುಮಾಲು ಸುತ್ತುವುದು ನಮ್ಮ ಕಡೆಯ ರೂಢಿ. ಅದಕ್ಕೆ ಆಯೇರಿ ಅನ್ನುತ್ತೇವೆ. ಬಬಲೇಶ್ವರದ ನಾಟಕಕ್ಕೆ ಹೀರೋನ ಅವ್ವ ಹೇಗೋ ಒಪ್ಪಿಸಿ ಹಿರಿಯರನ್ನು ಕರೆತಂದಳು. ಆದರೆ ಎಂದೂ ನಾಟಕ ನೋಡದವರಿಗೆ ಆಯೇರಿಯ ಹೊತ್ತು ಹೇಗೆ ಗೊತ್ತಾಗಬೇಕು? ಹೀರೋ ಸತ್ತು ಬಿದ್ದಿದ್ದಾನೆ, ಹೆಂಡತಿಯ ಪಾತ್ರದವಳು ಎದೆ ಬಡಿದುಕೊಂಡು ಅಳುತ್ತಿದ್ದಾಳೆ, ಇವರು ರುಮಾಲು ಹಿಡಿದು ಹತ್ತಿಯೇ ಬಿಟ್ಟರು.

"ಯಜಮಾನ್ರ, ಅಂವ ಸತ್ತಾನ್ರಿ!" ಪರದೆ ಸಂದಿಯಿಂದ ಪಿಸುಗುಟ್ಟಿದೆ.

"ಸತ್ರೇನಾತು, ನನ್ನ ಮಗ ಅಲ್ಲೇನು? ಏಳಲೇ, ರುಮಾಲ ಸುತ್ತಿಸ್ಕೊಂಡು ಆಮ್ಯಾಲ ಸಾಯಿ!"

ಸತ್ತವನು ಎದ್ದ. ರುಮಾಲು ಸುತ್ತಿಸಿಕೊಂಡ, ಅಪ್ಪನ ಕಾಲಿಗೆ ಬಿದ್ದ, ಮತ್ತೆ ಮೊದಲಿನ ಜಾಗದಲ್ಲೇ ಸತ್ತ. ಮುಚ್ಚಿದ ಕಣ್ಣಿಂದ ನೀರಿಳಿದು ಬಣ್ಣ ಕಲೆಸಿಹೋಗುತ್ತಿತ್ತು. ಇಷ್ಟು ವರ್ಷದ ಹಂಬಲ ಅದು. ಹಗ್ಗ ಹಿಡಿದ ನನಗೂ ಕಣ್ಣು ತುಂಬಿತು.

ನಾಯಕಿ ಜಾಣೆ, ಬಿಟ್ಟಲ್ಲಿಂದಲೇ ಅಳು ಹಿಡಿದಳು: "ಅಯ್ಯೋ, ಇನ್ನ ನನಗ ಯಾರು ದಿಕ್ಕು?"

ಇಳಿಯುತ್ತಿದ್ದ ಹಿರಿಯರು ತಿರುಗಿ ಬಂದು ಅವಳ ತಲೆ ಮೇಲೆ ಕೈಯಿಟ್ಟರು.

"ಅಳಬ್ಯಾಡ ಯವ್ವಾ. ಮಾವ ನಾ ಇನ್ನೂ ಗಟ್ಟಿ ಅದೀನಿ!"