ಗೆರೆ ಎದ್ದರೆ ಓದು, ಮಲಗಿದರೆ ಕೋಳಿ ಶೆಡ್ಡು

ಕೈಕಾಲು ಅಲ್ಲಾಡಿಸದೆ ಕೂತಿರುತ್ತೀರಿ. ನಿಮ್ಮೊಳಗೊಂದು ಗುಡ್ಡ ಎದ್ದು, ರೆಪ್ಪೆ ಬಡಿಯೋದರೊಳಗೆ ಬಿದ್ದೂಹೋಗುತ್ತೆ. ನಿಮಗೆ ಗೊತ್ತಾಗಲ್ಲ, ಎದುರಿಗೆ ಕೂತವರಿಗೆ ಕಾಣುತ್ತೆ. ಏನು ಹೇಳಿ?

ಬಿಡಿ ಗುರು, ಆಗಲ್ಲ. ನಮ್ಮೂರ ಮೇಷ್ಟ್ರಿಗೇ ಆಗಲಿಲ್ಲ.

ಅದು ಮೆದುಳಿನ ಕರೆಂಟು. ಒಂದೇ ಥರದ ಸದ್ದುಗಳ ನಡುವೆ ಅಪರೂಪಕ್ಕೊಂದು ಬೇರೆ ಸದ್ದು ಬಂದಾಗ, ಗಮನ ಇದ್ದರೆ, ಆ ಕರೆಂಟಿನ ಗೆರೆ ಗುಡ್ಡದ ಹಾಗೆ ಏಳುತ್ತಂತೆ. ಅದನ್ನು ಅಳೆಯೋಕೆ ಬೆಂಗಳೂರಿಂದ ಒಬ್ಬರು ಮೇಡಂ ತಂತಿ ನೇತಾಡೋ ಟೋಪಿ ಹಿಡಿದು ಅನುಗೊಂಡನಹಳ್ಳಿ ಪಕ್ಕದ ನಮ್ಮೂರ ಡೈರಿ ಕಟ್ಟಡಕ್ಕೆ ಬಂದಿದ್ದರು. ನಮ್ಮೂರಿಗೆ ಯಾರು ಏನೇ ಅಳೆಯೋಕೆ ಬರಲಿ, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತೆ.

ನಾನು ಹತ್ತನೇ ಕ್ಲಾಸಿನ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಟೋಪಿಯ ಸುದ್ದಿ ಕೇಳಿದ ಅಪ್ಪ ಅಲ್ಲೇ ತೀರ್ಪು ಕೊಟ್ಟರು: "ಗೆರೆ ಎದ್ರೆ ಮೂರನೇ ಸಲ ಪರೀಕ್ಷೆ ಕಟ್ಟು, ಅರ್ಜಿಗೆ ಸಹಿ ಹಾಕ್ತೀನಿ. ಮಲಗಿದ್ರೆ ಬೂದಿಗೆರೆ ಮಾವನ ಕೋಳಿ ಶೆಡ್ಡಿಗೆ ನಡಿ." ಕೋಳಿ ಶೆಡ್ಡಿನ ವಾಸನೆ ನೆನೆಸಿಕೊಂಡೆ. ಜನ್ಮದಲ್ಲಿ ಮೊದಲ ಸಲ ಗಣಿತ ಚೆನ್ನಾಗಿ ಕಾಣಿಸಿತು.

೧. ತಲೆಗೆ ತಂಪು

"ತಲೆ ತೊಳ್ಕೊಂಡು ಬನ್ನಿ, ಎಣ್ಣೆ ಮಾತ್ರ ಬೇಡ" ಅಂತ ಅಂಗನವಾಡಿ ಅಕ್ಕ ಮನೆಮನೆಗೂ ಹೇಳಿದ್ದರು. ಅಮ್ಮಂದಿರು ಸರಿಯಾಗೇ ಕೇಳಿಸಿಕೊಂಡರು. ಆದರೆ ಕರೆಂಟಿನ ಟೋಪಿಗೆ ಒಣ ತಲೆ ಕಳಿಸೋಕೆ ಯಾವ ತಾಯಿಗೆ ಮನಸ್ಸು ಬರುತ್ತೆ? ನೆತ್ತಿ ಕಾದುಬಿಡುತ್ತೆ ಅಂತ ಟೋಪಿ ಹಾಕಿಸಿಕೊಳ್ಳೋಕೆ ಹೊರಟ ನಮ್ಮ ಹನ್ನೊಂದು ಹುಡುಗರಿಗೂ ಹರಳೆಣ್ಣೆ ತಟ್ಟಿ ಕಳಿಸಿದರು. ಟೋಪಿ ಹಾಕಿದರೆ ಜಾರಿ ಮೂಗಿನ ಮೇಲೆ ಬಂತು. ಮೇಡಂ ಹನ್ನೊಂದೂ ತಲೆಗಳನ್ನು ಡೈರಿ ನಲ್ಲಿ ಕೆಳಗೆ ಸಾಲಾಗಿ ಬಗ್ಗಿಸಿ ಶಾಂಪೂ ಹಾಕಿ ತೊಳೆಸಿದರು.

ಅಲ್ಲೇ ಹಾಲು ಹಾಕೋಕೆ ಬಂದಿದ್ದ ಅಜ್ಜಿಯೊಬ್ಬಳು, "ಅಯ್ಯೋ ನಿಮ್ಮ, ಒದ್ದೆ ತಲೆಗೆ ಕರೆಂಟು ಕೊಡ್ತೀರೇನ್ರೇ!" ಅಂತ ಮಡಿಲಿಂದ ಮತ್ತೆ ಎಣ್ಣೆ ಬಾಟ್ಲಿ ತೆಗೆದಳು.

೨. ಮಂಡಿ ಲೆಕ್ಕ

ದೊಡ್ಡವರ ಸರದಿಯಲ್ಲಿ ಮೊದಲು ಕೂತದ್ದು ಹೊಸಕೋಟೆಯಲ್ಲಿ ಟೊಮೇಟೊ ಮಂಡಿ ಇಟ್ಟಿರೋ ನಮ್ಮ ಎದುರುಮನೆ ಮಾವ. "ಬೇರೆ ಥರದ ಸದ್ದು ಎಷ್ಟು ಸಲ ಬಂತು ಅಂತ ಮನಸ್ಸಲ್ಲೇ ಎಣಿಸಿ" ಅಂದರು ಮೇಡಂ. ಮುಗಿದ ಮೇಲೆ ಮಾವ, "ಮೂವತ್ತಾರು" ಅಂದರು.

"ನಲವತ್ತು ಬಂದಿತ್ತಲ್ಲ ಸಾರ್. ಗೆರೆ ನಲವತ್ತಕ್ಕೂ ಚೆನ್ನಾಗೇ ಎದ್ದಿದೆಯಲ್ಲ!"

"ಬಂದಿದ್ದು ನಲವತ್ತೇ ಕಣಮ್ಮ," ಅಂದರು ಮಾವ, "ನಾಲ್ಕು ವೇಸ್ಟೇಜ್ ಕಳೆದಿದ್ದೀನಿ."

೩. ನನ್ನ ಗುಡ್ಡ

ನನ್ನ ಸರದಿ. ಅಪ್ಪ ಹಿಂದೆ ಕೈಕಟ್ಟಿಕೊಂಡು ನಿಂತಿದ್ದರು. "ಇದು ಪಾಸು ಫೇಲಿನ ಪರೀಕ್ಷೆ ಅಲ್ಲ" ಅಂತ ಮೇಡಂ ಮೂರು ಸಲ ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಬೇರೆಯವರ ಸರದಿ ನೋಡುತ್ತಾ ನಾನು ಮೊದಲೇ ಒಂದು ವಿಷಯ ಕಂಡುಕೊಂಡಿದ್ದೆ: ಹಲ್ಲು ಕಚ್ಚಿದರೆ ಗೆರೆ ಕುಣಿಯುತ್ತೆ. ಸರಿ, ಬೇರೆ ಸದ್ದು ಬಂದಾಗಲೆಲ್ಲ ಕಟಕ್ ಅಂತ ಕಚ್ಚಿದೆ. ಗೆರೆ ಗುಡ್ಡ ಆಗಲಿಲ್ಲ, ನಂದಿಬೆಟ್ಟ ಆಯ್ತು. ಅಪ್ಪನ ಮುಖ ಅರಳಿತು. "ನೋಡಿ ಮೇಡಂ, ಏನು ತಲೆ!"

ಮೇಡಂ ಪರದೆ ನೋಡಿ ನಿಟ್ಟುಸಿರುಬಿಟ್ಟರು. "ಇದು ತಲೆಯದಲ್ಲ ಸಾರ್, ದವಡೆಯದು."

ಅಪ್ಪನ ಮುಖ ಮುದುಡಿತು. "ಅಷ್ಟಕ್ಕೆ ಯಂತ್ರ ಯಾಕೆ ಬೇಕಿತ್ತು ಮೇಡಂ? ಇವನದು ಎಲ್ಲಾ ಬರೀ ದವಡೆ ಅಂತ ನಾನೇ ಹೇಳ್ತಿದ್ದೆ."

೪. ಅಪ್ಪನ ಗುಡ್ಡ

ಕೋಳಿಗಳು ನನ್ನನ್ನು ಕರೆಯೋದು ಕೇಳಿಸತೊಡಗಿತು. ಅಷ್ಟರಲ್ಲಿ ಮೇಡಂ ಅಪ್ಪನನ್ನೇ ಕೂರಿಸಿದರು. ಈ ಸಲ ಬೇರೆ ಆಟ: ಲ್ಯಾಪ್‌ಟಾಪು ಅಪರಿಚಿತರ ಹೆಸರು ಹೇಳ್ತಾ ಹೋಗುತ್ತೆ, ನಡುನಡುವೆ ಕೂತವರ ಸ್ವಂತ ಹೆಸರು. ಸ್ವಂತ ಹೆಸರಿಗೆ ಮೆದುಳು ಎದ್ದು ನಿಲ್ಲುತ್ತಂತೆ. ಆ ಹೆಸರನ್ನು ಚೀಟೀಲಿ ಬರೆದು ಮೇಡಂಗೆ ಕೊಡಬೇಕು. ಅಪ್ಪ ಕನ್ನಡಕ ತಂದಿರಲಿಲ್ಲ. "ಲೇ, ಚೀಟೀಲಿ ಹೆಸರು ಬರಿಯೋ" ಅಂದರು. ಬರೆದೆ. ನನ್ನ ಹೆಸರು ಬರೆದೆ.

ನನ್ನನ್ನು ಹೊರಗೆ ಕಳಿಸಿದರು. ಕಿಟಕಿಯಿಂದ ಇಣುಕಿದೆ. ಯಾರ್ಯಾರದೋ ಹೆಸರಿಗೆ ಗೆರೆ ಚಾಪೆ ಹಾಸಿ ಮಲಗಿತ್ತು. ನನ್ನ ಹೆಸರು ಬಂತು ನೋಡಿ, ಎದ್ದ ಗುಡ್ಡ ಪರದೆಯಾಚೆ ಹೋಯಿತು. ಮೇಡಂ ಖುಷಿಯಾಗಿ ಚೀಟಿ ನೋಡಿ ಅಪ್ಪನನ್ನು ನನ್ನ ಹೆಸರಲ್ಲೇ ಕರೆದರು.

"ನಾನೆಲ್ಲಿ ಅವನು? ಅದು ಆ ತರ್ಲೆ ಹೆಸರು!"

"ಹಾಗಾದ್ರೆ ಗೆರೆ ಯಾಕೆ ಅಷ್ಟು ಎದ್ದಿತು ಸಾರ್?"

"ದಿನಾ ಯಾರಾದ್ರೂ ಅದೇ ಹೆಸರು ಹಿಡ್ಕೊಂಡು ಮನೆಗೆ ದೂರು ತರ್ತಾರೆ ಮೇಡಂ. ಬಿಪೀನೇ ಏಳುತ್ತೆ, ಗೆರೆ ಏಳಲ್ವಾ?"

ಈಗ ನಿಜ ಒಪ್ಪಿಕೊಂಡುಬಿಡ್ತೀನಿ. ಚೀಟೀಲಿ ನನ್ನ ಹೆಸರು ಬರೆದಿದ್ದು ಹೌದು, ಅಪ್ಪ ಟೋಪಿ ಹಾಕಿಕೊಂಡಿದ್ದೂ ಹೌದು. ಆದರೆ ಸದ್ದು ಬರಬಾರದು ಅಂತ ಮೇಡಂ ಕಿಟಕಿಗೆ ರಟ್ಟು ಹೊಡೆದಿದ್ದರು. ಒಳಗೆ ಗೆರೆ ಎದ್ದಿತೋ ಮಲಗಿತೋ ನಾನು ಕಂಡಿಲ್ಲ. ಆ ಗುಡ್ಡ, ಆ ಬಿಪಿ, ಎಲ್ಲಾ ನಾನೇ ಕಟ್ಟಿದ್ದು. ನನಗೆ ಗೊತ್ತಿರೋದು ಇಷ್ಟೇ: ಅಪ್ಪ ಹೊರಗೆ ಬಂದು, ಕೂದಲಿಗಂಟಿದ ಟೋಪಿಯ ಜೆಲ್ಲು ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ, "ಎಲ್ಲಿ, ಆ ಅರ್ಜಿ ಕೊಡು" ಅಂದು ಸಹಿ ಹಾಕಿಬಿಟ್ಟರು.

ಯಾಕೆ ಅಂತ ಕೇಳೋಕೆ ಹೋಗಿಲ್ಲ. ಕೇಳಿದರೆ ಅವರಿಗೂ ಯೋಚನೆ ಬಂದುಬಿಡುತ್ತೆ.